‘ಸಾ’ ಮನೆಗೆ ಬಿದ್ದ ‘ಕಾ’

ಮಾರ್ಚ್ 3, ಸೋಮವಾರ

ಬಾಯಿಗೆ ಬೀಗ ಬಿದ್ದಿದೆ! ಪೂರಾ ಮೂವತ್ತು ದಿನ. ಮಾತಿಲ್ಲ, ಪಿಸುಮಾತಿಲ್ಲ, ಗಂಟಲು ಸರಿಮಾಡಿಕೊಳ್ಳುವ ಕೆಮ್ಮೂ ಇಲ್ಲ. ಗಂಟಲಿನೊಳಗಿನ ಗಂಟನ್ನು ಕತ್ತರಿಸಿ ತೆಗೆದ ಡಾಕ್ಟರು ಇವತ್ತು ಮನೆಗೆ ಕಳಿಸುವಾಗ ಕೊಟ್ಟ ತೀರ್ಪು ಇದು. ಅರವತ್ತೆಂಟು ವರ್ಷದಲ್ಲಿ ನಾನು ಮೂವತ್ತು ನಿಮಿಷ ಸುಮ್ಮನಿದ್ದ ದಾಖಲೆ ಎಲ್ಲೂ ಇಲ್ಲ. ಮೈಕಿಲ್ಲದ ಕಾಲದ ನಾಟಕಗಳಲ್ಲಿ, ಕೊನೆಯ ಸಾಲಿನಲ್ಲಿ ಗೊರಕೆ ಹೊಡೆಯುವವನನ್ನು ಒಂದೇ ಒಂದು ‘ಎಲೈ!’ಯಿಂದ ಎಬ್ಬಿಸಿ ಕೂರಿಸಿದ ಗಂಟಲು ಇದು!

ಪಿಸುಮಾತಾದರೂ ಆಡಬಹುದೇ ಎಂದು ಸ್ಲೇಟಿನಲ್ಲಿ ಬರೆದು ಕೇಳಿದೆ.

“ಅದು ಇನ್ನೂ ಕೆಟ್ಟದ್ದು,” ಅಂದರು ಡಾಕ್ಟರು. “ಮನಸ್ಸಿನಲ್ಲೇ ಸಂಭಾಷಣೆ ಒಪ್ಪಿಸಿದ್ರೂ ಗಂಟಲು ಅಲ್ಲಾಡುತ್ತೆ. ಅದೂ ಬೇಡ.”

“ಡಾಕ್ಟ್ರೇ, ಮೂವತ್ತು ದಿನ ಸಾಕಾ?” ಎಂದಳು ಪಕ್ಕದಲ್ಲಿದ್ದ ನನ್ನ ತಂಗಿ. “ಅನುಮಾನ ಇದ್ರೆ ಅರವತ್ತು ಬರೀರಿ. ಮನೆಯವರದ್ದೇನೂ ತಕರಾರಿಲ್ಲ.”

ಒಡಹುಟ್ಟಿದವಳು ಆಡುವ ಮಾತೇ ಇದು! ನಾನು ಮದುವೆಯಾದವನಲ್ಲ. ತಂಗಿ ತನ್ನ ಜೆರಾಕ್ಸ್ ಅಂಗಡಿಯ ಮೇಲಿನ ಮನೆಯಲ್ಲಿ ನನಗೊಂದು ಕೋಣೆ ಬಿಟ್ಟುಕೊಟ್ಟಿದ್ದಾಳೆ, ಆ ಧೈರ್ಯ.

ಈ ಮೌನ ಬಂದದ್ದಾದರೂ ಯಾವಾಗ? ಹತ್ತೊಂಬತ್ತು ವರ್ಷ ಕಾದ ಮೇಲೆ ‘ಉಪ್ಪುಗೋಪುರ’ ಸಿನಿಮಾದ ಬಿಡುಗಡೆಗೆ ಕೊನೆಗೂ ದಿನ ಗೊತ್ತಾಗಿರುವಾಗ! ಮೇ ತಿಂಗಳ ಎರಡನೆಯ ಶುಕ್ರವಾರ. ಅದರ ಮೂಲ ಕಾದಂಬರಿಯನ್ನು ಮೆಚ್ಚಿದ ನಮ್ಮ ಓದುಗರ ಬಳಗದಲ್ಲಿ ಯಾರ ಕಾಲೂ ನೆಲದ ಮೇಲಿಲ್ಲ. ನಡುವೆ ನಿಂತು ಗುಡುಗಬೇಕಾದವನು ಬಳಪ ಹಿಡಿದು ಕೂತಿದ್ದೇನೆ. ಅದಕ್ಕೇ ಈ ನೋಟುಪುಸ್ತಕ ತರಿಸಿದೆ. ಇದರಲ್ಲಿ ಎಷ್ಟು ಬೇಕಾದರೂ ಕೂಗಬಹುದು.

ಮಾರ್ಚ್ 5, ಬುಧವಾರ

ನಲವತ್ತು ವರ್ಷದಿಂದ ಯಾರ ಮುಂದೆಯೂ ಆಡದ ಮಾತೊಂದಿದೆ. ಬಾಯಿ ಇದ್ದಾಗ ಬಿಡಲಿಲ್ಲ. ಈಗ ಬರೆದುಬಿಡುತ್ತೇನೆ.

‘ಉಪ್ಪುಗೋಪುರ’ ಕಾದಂಬರಿಯ ಮೊದಲ ಮುದ್ರಣಕ್ಕೆ ಮೊಳೆ ಜೋಡಿಸಿದವನು ನಾನು. ಸೀಸದ ಒಂದೊಂದು ಅಕ್ಷರವನ್ನೂ ಅದರದರ ಮನೆಯಿಂದ, ಅಂದರೆ ಮರದ ಪೆಟ್ಟಿಗೆಯ ಗೂಡಿನಿಂದ, ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಸಾಲು ಕಟ್ಟುವ ಕೆಲಸ. ಬರೆದವರು ಒಬ್ಬ ಶಾಲಾಮಾಸ್ತರು. ಪುಸ್ತಕ ಅಚ್ಚಾಗುವಾಗಲೇ ಹಾಸಿಗೆ ಹಿಡಿದಿದ್ದರು. ಬಂದ ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಜನ ಅದನ್ನು ಎದೆಗೆ ಒತ್ತಿಕೊಂಡದ್ದು ಆಮೇಲೆ ಎಷ್ಟೋ ವರ್ಷಕ್ಕೆ.

ಆಹಾ, ಎಂಥ ಕಥೆ! ನಡುಸಮುದ್ರದಲ್ಲಿ ಉಪ್ಪಿನ ಗೋಪುರ. ಒಂದೊಂದು ಮಳೆಗೂ ಒಂದೊಂದು ಗೇಣು ಕರಗುತ್ತದೆ. ಅದರ ನೆತ್ತಿಯಲ್ಲಿ ದೀಪ ಹಚ್ಚುವ ಕಾವಲುಗಾರ. ಮೋಡದ ಕುದುರೆಯೇರಿ, ಕಳೆದುಹೋದ ಏಳು ಗಾಳಿಗಳನ್ನು ಹಿಡಿದು ತರಲು ಹೊರಟ ರಾಜಕುಮಾರಿ. ಅವಳು ಹೊರಡುವ ಗಳಿಗೆಯಲ್ಲಿ ಅವನು ಹೇಳುತ್ತಾನೆ: “ನೀನು ಬಾರದಿದ್ದರೆ ನಾನು ಕಾಯುವೆ.”

ಕಾಲ ಕೆಳಗೆ ಗೋಪುರ ಕರಗುತ್ತಿದೆ, ಕಾಯುವೆ ಅನ್ನುತ್ತಾನೆ! ಬಂದರೆ ಅಲ್ಲ, ಬಾರದಿದ್ದರೆ! ಲಾರಿಗಳ ಬೆನ್ನ ಮೇಲೆ, ಕಾಲೇಜಿನ ಬೆಂಚುಗಳ ಮೇಲೆ, ಕೈಮೇಲಿನ ಹಚ್ಚೆಯಲ್ಲಿ ಈ ಸಾಲನ್ನು ಕಣ್ಣಾರೆ ಕಂಡಿದ್ದೇನೆ.

ಮಾಸ್ತರು ಅದನ್ನು ಬರೆಯಲಿಲ್ಲ. ಅವರು ಬರೆದದ್ದು, “ನೀನು ಬಾರದಿದ್ದರೆ ನಾನು ಸಾಯುವೆ.”

ಸಾಯುವೆ! ಎಲ್ಲ ನಾಟಕದ ಎಲ್ಲ ಪ್ರೇಮಿಯೂ ಆಡುವ ಮಾತು. ನಾನೇ ಸ್ಟೇಜಿನ ಮೇಲೆ ಇನ್ನೂರು ಸಲ ಆಡಿ, ಇನ್ನೂರು ಸಲ ಸತ್ತು, ಪರದೆ ಬಿದ್ದ ಮೇಲೆ ಎದ್ದು ಚಹಾ ಕುಡಿದಿದ್ದೇನೆ.

ಆದದ್ದು ಇಷ್ಟು. ಅಚ್ಚು ಮುಗಿದ ಪುಟವನ್ನು ಬಿಚ್ಚಿ ಮೊಳೆಗಳನ್ನು ಮತ್ತೆ ಅವುಗಳ ಮನೆಗೆ ಹಾಕುವಾಗ ಮೈಯೆಲ್ಲ ಎಚ್ಚರವಿರಬೇಕು. ಆ ವಾರ ನನಗೆ ನಾಟಕವಿತ್ತು. ಸಂಭಾಷಣೆ ಒಪ್ಪಿಸುವ ಭರದಲ್ಲಿ ಒಂದು ಹಿಡಿ ‘ಕಾ’ಗಳನ್ನು ‘ಸಾ’ ಮನೆಗೆ ಸುರಿದೆ. ಜೋಡಿಸುವಾಗ ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಮನೆಯೊಳಗೆ. ಬೆರಳಿಗೆ ಮನೆ ಗೊತ್ತು, ಒಳಗಿರುವವರು ಯಾರೆಂದು ಗೊತ್ತಿಲ್ಲ. ಪುಸ್ತಕ ಬಂದ ಮೇಲೆ, ಹಸ್ತಪ್ರತಿಯನ್ನೂ ಪ್ರೂಫ್ ಕರಡುಗಳನ್ನೂ ಕಟ್ಟಿ ಮಾಸ್ತರ ಮನೆಗೆ ಕಳಿಸುವಾಗ ಹಸ್ತಪ್ರತಿಯ ಆ ಪುಟ ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ದಾರ ಬಿಗಿದು ಕಳಿಸಿದೆ.

ಮೊದಲು ಪ್ರೆಸ್ಸಿನ ಯಜಮಾನರ ಭಯಕ್ಕೆ ಸುಮ್ಮನಿದ್ದೆ. ಆಮೇಲೆ ಹೆಮ್ಮೆಗೆ. ಇಡೀ ಪುಸ್ತಕದಲ್ಲಿ ಒಂದಕ್ಷರ ನನ್ನದು, ಜನ ಎದೆಯಲ್ಲಿಟ್ಟುಕೊಂಡದ್ದು ಆ ಅಕ್ಷರವನ್ನೇ! ಪ್ರೂಫ್ ನೋಡುವವಳ ಕಣ್ಣಿಗೆ ಬೀಳದೆ ಅದು ಹೇಗೆ ದಾಟಿತೆಂಬುದೇ ಆಶ್ಚರ್ಯ. ಅವಳನ್ನು ನಾವೆಲ್ಲ ‘ಕಾಗುಣಿತ’ ಎಂದೇ ಕರೆಯುತ್ತಿದ್ದೆವು. ಗೋಡೆಗೆ ಅಂಟಿಸಿದ ಜಾಹೀರಾತನ್ನೂ ಕೆಂಪು ಶಾಯಿಯಲ್ಲಿ ತಿದ್ದದೆ ಮುಂದೆ ಹೋಗದ ಹೆಣ್ಣು.

ಮೇ ತಿಂಗಳಲ್ಲಿ ಮನೆಯೆತ್ತರದ ಪರದೆಯ ಮೇಲಿಂದ ನಾಯಕ ನನ್ನ ಅಕ್ಷರವನ್ನು ಉಚ್ಚರಿಸುತ್ತಾನೆ. ಅದನ್ನು ಕೇಳಬೇಕು. ಅಷ್ಟೇ ಬೇಕಾಗಿರುವುದು.

ಮಾರ್ಚ್ 9, ಭಾನುವಾರ

ಬಳಗದ ಸಭೆ. ಲೈಬ್ರರಿಯ ಹಿಂದಿನ ಕೋಣೆ, ಅದೇ ಕುಂಟು ಮೇಜು.

“ನಗಾರಿ ಮಾವ ಬಂದ್ರು, ಎಲ್ಲಾ ಕಿವಿ ಮುಚ್ಕೊಳ್ಳಿ!” ಎಂದಳು ಟೈಲರಮ್ಮ. ನಗಾರಿ ಎಂಬ ಬಿರುದು ಅವಳೇ ಕೊಟ್ಟದ್ದು. ಸ್ಲೇಟು ಎತ್ತಿ ತೋರಿಸಿದೆ: ‘ನಗಾರಿ ಹರಿದಿತ್ತು. ಹೊಲಿಗೆ ಬಿದ್ದಿದೆ.’

“ಹೊಲಿಗೆ ಅಂದ್ರೆ ನನ್ನ ಹತ್ರ ಬರಬಾರದಿತ್ತಾ ಮಾವ? ಮ್ಯಾಚಿಂಗ್ ದಾರದಲ್ಲೇ ಹಾಕ್ಕೊಡ್ತಿದ್ದೆ.”

ಮೊದಲ ದಿನ ಮೊದಲ ಆಟಕ್ಕೆ ಬಳಗವೆಲ್ಲ ಒಂದೇ ಬಣ್ಣದ ಅಂಗಿಯಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಎದೆಯ ಮೇಲೆ ‘ಕಾಯುವೆ’ ಎಂದು ಕಸೂತಿ. ಹತ್ತೊಂಬತ್ತು ವರ್ಷದಲ್ಲಿ ಕಂಡದ್ದೇನು ಕಡಿಮೆಯೇ? ಮೊದಲು ಕಾವಲುಗಾರನೆಂದು ಆರಿಸಿದ್ದ ನಟ ಈಗ ತಂದೆಯ ಪಾತ್ರ ಮಾಡುತ್ತಾನೆ. ಮೊದಲ ರಾಜಕುಮಾರಿಗೆ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಮೊದಲ ಕುದುರೆ ತೀರಿಕೊಂಡಿದೆ.

ಆಮೇಲೆ ಮಾಮೂಲಿ ಜಗಳ.

“ಕಾವಲು ಕಾಯೋದು ರೀ ಅದು!” ಎಂದ ಬಸ್ ಡ್ರೈವರು. “ಅವನ ಕೆಲಸಾನೇ ಅದು. ರಾಜಕುಮಾರಿ ಬರಲಿ ಬಿಡಲಿ, ಡ್ಯೂಟಿ ಅಂದ್ರೆ ಡ್ಯೂಟಿ.”

“ದಾರಿ ಕಾಯೋದು!” ಎಂದಳು ಟೈಲರಮ್ಮ. “ನಿಮಗೆ ಪ್ರೀತಿನೂ ಡ್ಯೂಟಿನೇ. ನಿಮ್ಮ ಹೆಂಡ್ತಿ ಅಳತೆ ಕೊಡೋಕೆ ಬಂದಾಗೆಲ್ಲ ಹೇಳ್ತಾರೆ.”

ಎಂದಿನಂತಾಗಿದ್ದರೆ ನಡುವೆ ಎದ್ದು ಇಬ್ಬರನ್ನೂ ನನ್ನ ದನಿಯಲ್ಲಿ ಮುಳುಗಿಸುತ್ತಿದ್ದೆ. ಇವತ್ತು ಸುತ್ತ ನೋಡುತ್ತಾ ಕೂತಿದ್ದೆ. ಲೈಬ್ರರಿ ಮೇಡಂ ಯಾವ ಪಕ್ಷಕ್ಕೂ ಸೇರುವುದಿಲ್ಲ. ‘ಕಾಯುವೆ’ ಎಂಬ ಪದ ಬಂದಾಗಲೆಲ್ಲ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಮೊದಲೂ ಹಾಗೇ ಮಾಡುತ್ತಿದ್ದರೋ ಏನೋ.

ಮಾರ್ಚ್ 16, ಭಾನುವಾರ

ರಂಗಪ್ರವೇಶ! ಸಿನಿಮಾದ ಸಂಭಾಷಣೆ ಬರೆದಾಕೆಯೇ ಇವತ್ತು ಸಭೆಗೆ ಬಂದಿದ್ದಳು. ನಲವತ್ತು ದಾಟಿದ ಹೆಂಗಸು, ಹನ್ನೊಂದನೇ ವಯಸ್ಸಿನಿಂದ ಪುಸ್ತಕದ ಹುಚ್ಚಂತೆ. ಟೈಲರಮ್ಮ ಓಡಿಹೋಗಿ ಎರಡು ಕೈಯನ್ನೂ ಹಿಡಿದುಕೊಂಡಳು.

“ಒಳ್ಳೇ ಸುದ್ದಿ ಅಲ್ಲ,” ಎನ್ನುತ್ತಾ ಬಂದಾಕೆ ಕೂತಳು. “ಮಾಸ್ತರ ಮೊಮ್ಮಗಳು ಒಂದು ಟ್ರಂಕು ಕೊಟ್ಟಿದ್ದಾರೆ. ಹಸ್ತಪ್ರತಿ ಸಿಕ್ಕಿದೆ. ಅದರಲ್ಲಿ ‘ಕಾಯುವೆ’ ಇಲ್ಲ. ‘ಸಾಯುವೆ’ ಅಂತಿದೆ.”

ನನ್ನ ಬಳಪ ಕೆಳಗೆ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

“ಸುಳ್ಳು!” ಎಂದ ಡ್ರೈವರು.

“ಅಯ್ಯೋ, ನಾನೂ ಹಾಗೇ ಅಂದೆ. ಡೈರೆಕ್ಟರು ಕೇಳ್ತಿಲ್ಲ. ಬರೆದವರು ಏನು ಬರೆದಿದ್ದಾರೋ ಅದೇ ಇರಬೇಕು, ಅಚ್ಚಿನ ತಪ್ಪನ್ನ ನಾನು ತೋರಿಸಲ್ಲ ಅಂತಾರೆ. ಚಿತ್ರೀಕರಣ ಮುಗಿದಿದೆ, ಆದ್ರೆ ದನಿ ಸೇರಿಸೋದು ಬಾಕಿ. ಕಾಯುವೆ ಅಂದ್ರೂ ಸಾಯುವೆ ಅಂದ್ರೂ ತುಟಿ ಒಂದೇ ಥರ ಅಲ್ಲಾಡುತ್ತೆ. ಬರೋ ಶನಿವಾರ ಆ ದೃಶ್ಯ.”

ಆಮೇಲೆ ನನ್ನ ಕಡೆ ತಿರುಗಿ ಒಂದು ಜೆರಾಕ್ಸ್ ಹಾಳೆ ಬಿಡಿಸಿದಳು. “ಸರ್, ಒಂದೇ ಒಂದು ದಾರಿ ಇದೆ. ಟ್ರಂಕಲ್ಲಿ ಪ್ರೂಫ್ ಕರಡೂ ಇತ್ತು. ನೋಡಿ, ‘ಕಾಯುವೆ’ಗೆ ಯಾರೋ ಸುತ್ತು ಹಾಕಿ, ಪಕ್ಕದಲ್ಲಿ ‘ಸಾ’ ಅಂತ ತಿದ್ದಿ, ಆಮೇಲೆ ಆ ‘ಸಾ’ನ ಹೊಡೆದುಹಾಕಿ ‘ಇರಲಿ’ ಅಂತ ಬರೆದಿದ್ದಾರೆ. ಮಾಸ್ತರೇ ಮನಸ್ಸು ಬದಲಾಯಿಸಿ ಇರಲಿ ಅಂದಿದ್ರೆ ಡೈರೆಕ್ಟರು ಒಪ್ಕೋತಾರೆ. ಆ ಪ್ರೆಸ್ಸಿನವರು ನಮಗೆ ಸಿಕ್ಕಿರೋದು ನೀವೊಬ್ಬರೇ. ಇದು ಮಾಸ್ತರ ಕೈಬರಹ ಅಂತ ಒಂದು ಸಾಲು ಬರೆದುಕೊಡಿ, ‘ಕಾಯುವೆ’ ಉಳಿಯುತ್ತೆ.”

“ಮಾವ, ಬರೀರಿ!” ಎಂದಳು ಟೈಲರಮ್ಮ. ಯಾರೋ ಬಳಪ ಎತ್ತಿಕೊಟ್ಟರು, ಇನ್ಯಾರೋ ಪೆನ್ನು ಕೊಟ್ಟರು.

‘ರ’ವನ್ನು ಮಣಿಯಂತೆ ಮುಚ್ಚಿ, ‘ಲಿ’ಯ ಗುಡಿಸನ್ನು ಮೇಲಿನ ಸಾಲಿಗೆ ತಾಗುವಷ್ಟು ಎಳೆಯುವ ಕೈ ಭೂಮಿಯ ಮೇಲೆ ಒಂದೇ ಇದೆ. ಅದು ಮಾಸ್ತರದ್ದಲ್ಲ.

‘ಗುರುವಾರದೊಳಗೆ ಹೇಳುತ್ತೇನೆ’ ಎಂದು ಸ್ಲೇಟಿನಲ್ಲಿ ಬರೆದು, ಹಾಳೆ ತೆಗೆದುಕೊಂಡು ಎದ್ದುಬಂದೆ.

ಮಾರ್ಚ್ 17, ಸೋಮವಾರ

ಕಾಗುಣಿತ ಅದನ್ನು ನೋಡಿದ್ದಳು.

ನೋಡಿದ್ದಳು, ಸುತ್ತು ಹಾಕಿದ್ದಳು, ತಿದ್ದಿದ್ದಳು. ಆಮೇಲೆ ತಿದ್ದಿದ್ದನ್ನು ತಿದ್ದಿದ್ದಳು. ಬೆಳಗಿನಿಂದ ಆ ಒಂದು ಸಾಲನ್ನೇ ನೋಡುತ್ತಿದ್ದೇನೆ.

ಕರಡು ತಿದ್ದಿ ಬಂದ ಮೇಲೆ ಮೊಳೆ ಬದಲಾಯಿಸುವುದು ಜೋಡಿಸಿದವನ ಕೆಲಸ. ಆ ಕರಡು ನನ್ನ ಕೈಗೆ ಬರಬೇಕಿತ್ತು. ನಾನಿರಲಿಲ್ಲ. ನಾಟಕಕ್ಕೆಂದು ನಾಲ್ಕು ದಿನ ರಜೆ ಹಾಕಿದ್ದೆ. ನನ್ನ ಬದಲು ಇನ್ನೊಬ್ಬ ಮೊಳೆ ಬದಲಾಯಿಸಿದ. ಮರಳಿ ಬಂದ ದಿನ ಅವಳು ತನ್ನ ಮೇಜು ಬಿಟ್ಟು ನನ್ನ ಮೊಳೆಪೆಟ್ಟಿಗೆಯ ಹತ್ತಿರ ಬಂದು ನಿಂತದ್ದು ನೆನಪಿದೆ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ನಾನು ಎರಡನೆಯ ಅಂಕದಲ್ಲಿ ಎಷ್ಟು ಸಿಳ್ಳೆ ಬಿದ್ದವೆಂದು ಹೇಳಿದೆ. ಮೂರನೆಯ ಅಂಕದ ನನ್ನ ಮರಣವನ್ನು ಅಲ್ಲೇ, ಶಾಯಿಯ ಡಬ್ಬಗಳ ನಡುವೆ, ಮತ್ತೊಮ್ಮೆ ಅಭಿನಯಿಸಿ ತೋರಿಸಿದೆ.

ಆ ಅಕ್ಷರವನ್ನು ನಾನು ಬೇಕೆಂದೇ ಇಟ್ಟೆ ಎಂದುಕೊಂಡಳೇ? ಅವಳಿಗೆಂದು ಇಟ್ಟೆ ಎಂದು? ಆಗ ನನಗೆ ಅವಳ ಮೇಲೆ... ಇತ್ತು. ಹೇಳಲು ಒಳ್ಳೆಯ ಸಂಭಾಷಣೆಯೊಂದನ್ನು ಹುಡುಕುತ್ತಿದ್ದೆ. ಮೂರು ತಿಂಗಳಿಗೆ ಅವಳು ಕೆಲಸ ಬಿಟ್ಟು, ಮದುವೆಯಾಗಿ ದೂರದ ಊರಿಗೆ ಹೋದಳು.

ಮಾರ್ಚ್ 18, ಮಂಗಳವಾರ

ತಂಗಿಗೆ ಜೆರಾಕ್ಸ್ ತೋರಿಸಿದೆ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದಳು.

“ಇದು ಪ್ರೆಸ್ಸಿನ ಆ ಹುಡುಗಿ ಕೈಯಲ್ವಾ? ನಿನ್ನ ನಾಟಕದ ಕರಪತ್ರ ಎಲ್ಲ ತಿದ್ದಿ ಕಳಿಸ್ತಿದ್ಲು. ಮನೆಗೆ ಬಂದಿದ್ಲಲ್ಲ.”

‘ಯಾವಾಗ?’ ಎಂದು ಬರೆದೆ. ಬಳಪ ಮುರಿಯಿತು.

“ಕೆಲಸ ಬಿಡೋ ಮುಂಚೆ. ನೀನು ಒಳಗಡೆ ಕೋಣೆ ಬಾಗಿಲು ಹಾಕ್ಕೊಂಡು ರಾಜನ ಪಾರ್ಟು ಪ್ರಾಕ್ಟೀಸ್ ಮಾಡ್ತಿದ್ದೆ. ಒಂದು ಗಂಟೆ ಕೂತಿದ್ಲು, ಹೊರಗಿನ ಬೆಂಚಿನ ಮೇಲೆ. ಎರಡು ಸಲ ಬಾಗಿಲು ತಟ್ಟಿದೆ. ‘ಯಾರಲ್ಲಿ! ರಾಜಸಭೆಯಲ್ಲಿ ಸದ್ದು ಮಾಡುವ ಧೂರ್ತ ಯಾರು!’ ಅಂತ ಒಳಗಿಂದ ಕಿರುಚಿದೆ. ಅವಳಿಗೆ ನಗು ಬಂತು. ‘ಬಿಡಿ, ನಿಮ್ಮಣ್ಣ ಏನಾದ್ರೂ ಹೇಳಿದ್ರಾ?’ ಅಂದ್ಲು. ‘ಏನು?’ ಅಂದೆ. ‘ಏನಿಲ್ಲ’ ಅಂದು ಹೊರಟ್ಲು.”

‘ನನಗೆ ಹೇಳಲಿಲ್ಲವೇಕೆ?’

“ಹೇಳಿದೆ ಅಣ್ಣ. ಊಟಕ್ಕೆ ಕೂತಾಗ ಹೇಳಿದೆ. ನೀನು ರಾಜನ ಪಾರ್ಟಿನಲ್ಲೇ ಊಟ ಮಾಡ್ತಿದ್ದೆ.”

ಮಾರ್ಚ್ 19, ಬುಧವಾರ

ಟೈಲರಮ್ಮ ನನ್ನ ಅಳತೆಗೆ ಬಂದಿದ್ದಳು. ಹದಿನಾಲ್ಕು ಅಂಗಿ ಮುಗಿದಿವೆಯಂತೆ. ನೀಲಿ ಬಟ್ಟೆಯ ಮೇಲೆ ಉಪ್ಪಿನ ಬಣ್ಣದ ದಾರ. ಹೆಗಲು ಅಳೆಯುತ್ತಾ, “ಮಾವ, ನನ್ನ ಗಂಡ ಹಡಗಿನ ಕೆಲಸಕ್ಕೆ ಹೋದೋನು ಆರು ವರ್ಷ ಬರಲಿಲ್ಲ, ಗೊತ್ತಲ್ಲ,” ಎಂದಳು. ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಪರಿಚಯ. “ಆಗ ಯಾರ್ಯಾರೋ ಏನೇನೋ ಹೇಳೋರು. ಈ ಒಂದು ಸಾಲು ಓದ್ಕೊಂ‌ಡು ಹೊಲಿಗೆ ಹಾಕ್ತಿದ್ದೆ. ಅದನ್ನ ಪರದೆ ಮೇಲೆ ಆ ಕಾವಲುಗಾರನ ಬಾಯಲ್ಲಿ ಕೇಳಬೇಕು. ನೀವು ಬರೆದುಕೊಡ್ತೀರಲ್ಲ?”

ಒಂದು ಸಾಲಿನ ಸುಳ್ಳು. ಮಾಸ್ತರು ಬಂದು ಅಲ್ಲಗಳೆಯುವುದಿಲ್ಲ. ಟೈಲರಮ್ಮನಿಗೆ ಅವಳ ಮಾತು ಸಿಗುತ್ತದೆ, ಡ್ರೈವರನಿಗೆ ಅವನ ಮಾತು, ನನಗೆ ನನ್ನದು. ಹೋಗುವುದು ಒಂದೇ: ಅಂಚಿನಲ್ಲಿರುವ ಕೆಂಪು ಶಾಯಿಯ ಮೂರಕ್ಷರ. ಅದು ಅವಳದ್ದಾಗಿ ಉಳಿಯುವುದಿಲ್ಲ. ಒಮ್ಮೆ ಅವಳು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಈಗ ಅವಳು ಹೇಳಿಯೇ ಇಲ್ಲ ಎಂದು ಸಹಿ ಹಾಕಬೇಕು.

ಮಾರ್ಚ್ 20, ಗುರುವಾರ

ಸಂಭಾಷಣೆಯಾಕೆ ಅಂಗಡಿಗೆ ಬಂದಳು. ಬರೆದಿಟ್ಟಿದ್ದ ಹಾಳೆ ಕೊಟ್ಟೆ:

‘ಇದು ಮಾಸ್ತರ ಕೈಯಲ್ಲ. ಪ್ರೂಫ್ ನೋಡುತ್ತಿದ್ದಾಕೆಯದು. ‘ಕಾ’ ನನ್ನ ತಪ್ಪು. ಅದನ್ನು ಇರಲಿ ಎಂದವಳು ಅವಳು. ಮಾಸ್ತರಿಗೆ ಗೊತ್ತಿರಲಿಲ್ಲ.’

ಕೆಳಗೆ ಕಾಗುಣಿತಳ ಪೂರ್ತಿ ಹೆಸರು ಬರೆದೆ. ಈ ನಲವತ್ತು ವರ್ಷದಲ್ಲಿ ಬರೆದಿರಲಿಲ್ಲ.

ಆಕೆ ಎರಡು ಸಲ ಓದಿದಳು. “ಸರ್, ಇದನ್ನ ತೋರಿಸಿದ್ರೆ ‘ಕಾಯುವೆ’ ಹೋಗುತ್ತೆ. ಗೊತ್ತಲ್ಲ?”

ತಲೆಯಾಡಿಸಿದೆ.

ಮಾರ್ಚ್ 23, ಭಾನುವಾರ

ಹೋಯಿತು. ನಿನ್ನೆ ದನಿ ಸೇರಿಸಿದರಂತೆ. ‘ಸಾಯುವೆ.’

ಸಭೆಯಲ್ಲಿ ನನ್ನ ಕುರ್ಚಿಯ ಎರಡೂ ಪಕ್ಕ ಖಾಲಿ.

“ಒಂದು ಸುಳ್ಳು ಹೇಳೋಕೆ ಏನಾಗಿತ್ತು?” ಎಂದ ಡ್ರೈವರು. “ಜೀವನಪೂರ್ತಿ ನಾಟಕ ಆಡಿದೋರು!”

ಟೈಲರಮ್ಮ ನನ್ನ ಮುಖ ನೋಡಲಿಲ್ಲ. ಮೇಜಿಗೇ ಹೇಳಿದಳು: “ಹದಿನಾಲ್ಕು ಅಂಗಿ. ಒಂದೊಂದರಲ್ಲೂ ಒಂದಕ್ಷರ ಬಿಚ್ಚಬೇಕಾ, ಹಾಗೇ ಇಟ್ಟು ಜನರ ಹತ್ರ ನಗಿಸಿಕೊಳ್ಳಬೇಕಾ? ತಪ್ಪಂತೆ. ಆರು ವರ್ಷ ನಾನು ಓದಿದ್ದು ಅಚ್ಚಿನ ತಪ್ಪಂತೆ.”

ಸ್ಲೇಟು ತೊಡೆಯ ಮೇಲಿತ್ತು. ಅವಳ ಮಾತು ಮುಗಿಯುವವರೆಗೆ ಕೂತಿದ್ದೆ. ತುಂಬ ಹೊತ್ತು ಮಾತಾಡಿದಳು.

ಮಾರ್ಚ್ 26, ಬುಧವಾರ

ಬರೆಯುವಂಥದ್ದೇನಿಲ್ಲ. ಕೆಳಗೆ ಜೆರಾಕ್ಸ್ ಮೆಷಿನ್ ಹತ್ತು ಪ್ರತಿಗೊಮ್ಮೆ ನಿಟ್ಟುಸಿರು ಬಿಡುತ್ತದೆ.

ಏಪ್ರಿಲ್ 2, ಬುಧವಾರ

ಗಂಟಲಿಗೆ ಬಿಡುಗಡೆ. ಆದರೆ ಕೂಗುವಂತಿಲ್ಲ, ಇನ್ನು ಮೂರು ತಿಂಗಳು ಮೆಲುದನಿಯೇ.

“ಏನಾದ್ರೂ ಮಾತಾಡಿ, ನೋಡೋಣ,” ಎಂದರು ಡಾಕ್ಟರು. ತಂಗಿ ತಮಾಷೆಗೆ ಎರಡೂ ಕಿವಿಯ ಮೇಲೆ ಕೈಯಿಟ್ಟುಕೊಂಡಳು.

ಈ ಗಳಿಗೆಗೆಂದು ತಿಂಗಳ ಹಿಂದೆ ನಾಲ್ಕು ಮಾತು ಯೋಚಿಸಿಟ್ಟಿದ್ದೆ, ಒಂದೂ ನೆನಪಾಗಲಿಲ್ಲ. “ಸರಿ,” ಎಂದೆ.

“ಅಷ್ಟೇನಾ?” ಎಂದಳು ತಂಗಿ. ದಾರಿಯುದ್ದಕ್ಕೂ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ಸಂಭಾಷಣೆಯಾಕೆಯ ಫೋನು. ನಾನು ಕೊಟ್ಟ ಹೆಸರು ಹಿಡಿದು ಹುಡುಕಿದಳಂತೆ. “ಸಿಕ್ಕಿದ್ರು ಸರ್. ನಂಬರ್ ಕೊಡಲಾ ಅಂತ ಕೇಳಿದೆ, ಕೊಡಿ ಅಂದ್ರು. ತೆರೆ ಮೇಲೆ ಅವರಿಗೂ ನಿಮಗೂ ಕೃತಜ್ಞತೆ ಹಾಕಿಸ್ತೀನಿ. ನನ್ನ ಕೈಲಾಗಿದ್ದು ಅಷ್ಟು.”

ಫೋನಿನಲ್ಲಿ ಹೇಳಬೇಕಾದ್ದನ್ನು ನಾಲ್ಕು ಪುಟ ಬರೆದುಕೊಂಡೆ. ಆರಂಭವೇ ಅದ್ಭುತವಾಗಿತ್ತು. ಮಧ್ಯಾಹ್ನ ಮೂರಕ್ಕೆ ನಂಬರು ಒತ್ತಿದೆ.

“ಹಲೋ?”

“ನಾನು,” ಎಂದೆ. “ಪ್ರೆಸ್ಸಿನಲ್ಲಿ...”

“ಗೊತ್ತಾಯ್ತು ರೀ. ಆದ್ರೆ ದನಿ ಯಾಕೆ ಹೀಗಾಗಿದೆ? ಯಾರೋ ಸಂಭಾವಿತರು ಮಾತಾಡಿದ ಹಾಗಿದೆ.”

ನಾಲ್ಕು ಪುಟವೂ ಕೈಯಲ್ಲೇ ಇದ್ದವು. “ಅದು ತಪ್ಪು,” ಎಂದೆ. “ಬೇಕಂತ ಮಾಡಿದ್ದಲ್ಲ. ‘ಸಾ’ ಮನೆಗೆ ‘ಕಾ’ ಬಿದ್ದಿತ್ತು. ನಾನು ನಿಮಗೆ ಏನೋ ಹೇಳಿದೆ ಅಂತ ನೀವು ತಿಳ್ಕೊಂಡಿದ್ರೆ... ನಾನು ಹೇಳಿರಲಿಲ್ಲ.”

ಆ ಕಡೆ ನಗು. ತಡೆದು, ಮತ್ತೆ ನಗು.

“ನನಗೆ ಪ್ರೂಫ್ ನೋಡೋಕೆ ಬರಲ್ಲ ಅಂದ್ಕೊಂಡ್ರಾ? ತಪ್ಪು ಅಂತ ಅವತ್ತೇ ಗೊತ್ತು. ಅದೇ ಪುಟದಲ್ಲಿ ‘ಸಾಗರ’ ‘ಕಾಗರ’ ಆಗಿತ್ತು. ‘ಸಾವಿರ ಅಲೆ’ ‘ಕಾವಿರ ಅಲೆ’. ರಾಜಕುಮಾರಿ ‘ಸಾಕು ಸಾಕು’ ಅಂದ್ರೆ ‘ಕಾಕು ಕಾಕು’ ಅಂತ ಕಾಗೆ ಥರ ಕೂಗಿಸಿದ್ರಿ. ಎಲ್ಲಾ ತಿದ್ದಿದೆ. ಅದೊಂದು ಬಿಟ್ಟೆ.”

“ಯಾಕೆ?”

“ತಿದ್ದಿದ ಕರಡು ನಿಮ್ಮ ಕೈಗೆ ಬರುತ್ತಲ್ಲ. ಕಾಗುಣಿತ ತಪ್ಪು ಬಿಡೋಳಲ್ಲ, ಬಿಟ್ಟಿದ್ದಾಳೆ ಅಂದ್ರೆ ಏನೋ ಹೇಳ್ತಿದ್ದಾಳೆ ಅಂತ ಗೊತ್ತಾಗುತ್ತೆ ಅಂದ್ಕೊಂಡೆ. ಚಿಕ್ಕ ವಯಸ್ಸು.”

ಜೆರಾಕ್ಸ್ ಹಾಳೆ ಮೇಜಿನ ಮೇಲೇ ಇತ್ತು, ಆ ಒಂದು ಸಾಲು ಮೇಲೆ ಬರುವಂತೆ ಮಡಿಸಿ. ಬಿಡಿಸಿದೆ. ಕಾಗರ. ಕಾವಿರ. ಕಾಕು ಕಾಕು. ಪ್ರತಿಯೊಂದಕ್ಕೂ ಸುತ್ತು, ಪ್ರತಿಯೊಂದರ ಪಕ್ಕ ‘ಸಾ’. ಹತ್ತೊಂಬತ್ತು ದಿನದಿಂದ ಇಲ್ಲೇ ಇದೆ.

“ಕೇಳ್ತಿದ್ದೀರಾ?” ಎಂದಳು.

“ಕೇಳ್ತಿದ್ದೀನಿ. ಹೇಳಿ.”

ಹೇಳಿದಳು. ಗಂಡ ತೀರಿ ಒಂಬತ್ತು ವರ್ಷವಾಯಿತು. ಒಳ್ಳೆಯ ಮನುಷ್ಯ, ಕಾಗದ ಬರೆದರೆ ಒಂದು ಸಾಲಿಗೆ ಮೂರು ತಪ್ಪು. ಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದಳು. ಈಗ ಒಂದು ಕಣ್ಣಿನ ಪೊರೆ ತೆಗೆಸಿದ್ದಾಳೆ, ಇನ್ನೊಂದು ಬಾಕಿ. ಬೀದಿಯ ಬೋರ್ಡುಗಳ ತಪ್ಪು ಕಾಣದಿರುವುದರಿಂದ ಮನಸ್ಸಿಗೆ ನೆಮ್ಮದಿಯಂತೆ. ನಾಲ್ಕು ಗಂಟೆ ಯಾವಾಗ ಹೊಡೆಯಿತೋ.

“ಸಿನಿಮಾ ಬಂದಾಗ ನಿಮ್ಮೂರಿಗೆ ಬರ್ತೀನಿ,” ಎಂದಳು ಕೊನೆಗೆ. “ಅವನು ‘ಸಾಯುವೆ’ ಅಂದಾಗ ನಗೋಕೆ ಪಕ್ಕದಲ್ಲಿ ಒಬ್ಬರಾದ್ರೂ ಬೇಕಲ್ಲ.”

ಏಪ್ರಿಲ್ 6, ಭಾನುವಾರ

ಟೈಲರಮ್ಮನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಮೆಲುದನಿಯಾದ್ದರಿಂದ ಅವಳು ಹೊಲಿಗೆ ಯಂತ್ರ ನಿಲ್ಲಿಸಬೇಕಾಯಿತು.

“ಅಂದ್ರೆ ತಪ್ಪು ಅಂತ ಗೊತ್ತಿದ್ದೂ ಆಕೆ ಬೇಕು ಅಂತ ಇಟ್ಕೊಂಡ್ರಾ?” ಎಂದಳು. ಕತ್ತರಿಯನ್ನು ಅತ್ತಿತ್ತ ತಿರುಗಿಸಿದಳು. “ಹಾಗಾದ್ರೆ ಬಿಚ್ಚಲ್ಲ.”

ಏಪ್ರಿಲ್ 9, ಬುಧವಾರ

ಸಿನಿಮಾ ಮತ್ತೆ ಮುಂದಕ್ಕೆ ಹೋಯಿತು! ಗೋಪುರ ಕರಗುವ ದೃಶ್ಯ ಕಂಪ್ಯೂಟರಿನಲ್ಲಿ ಸರಿಯಾಗಿ ಕರಗುತ್ತಿಲ್ಲವಂತೆ. ಮುಂದಿನ ವರ್ಷ ಎಂದು ಪ್ರಕಟಣೆ.

ಬಳಗದವರೆಲ್ಲ ತಾವಾಗಿಯೇ ಲೈಬ್ರರಿಯಲ್ಲಿ ಸೇರಿದ್ದರು, ಸಾವಿನ ಮನೆಗೆ ಬಂದವರಂತೆ. ಡ್ರೈವರು ಸಿನಿಮಾದವರ ಮೂರು ತಲೆಮಾರನ್ನು ಬೈದ. ನನ್ನ ಪಕ್ಕದಲ್ಲೇ ಕೂತು ಬೈದ.

ಮನೆಯಲ್ಲಿ ತಂಗಿ ಕೇಳಿದಳು: “ಸಿನಿಮಾ ಬಂದಾಗ ಬರ್ತೀನಿ ಅಂದಿದ್ರಲ್ಲ ಆಕೆ. ಈಗ?”

“ಮುಂದಿನ ವರ್ಷ.”

“ಮುಂದಿನ ವರ್ಷ ಅಂದ್ರೆ ಇವರ ಭಾಷೆಯಲ್ಲಿ ಐದು ವರ್ಷ. ನಿನಗೆ ಎಪ್ಪತ್ಮೂರು. ಆಕೆಗೆ ಎಪ್ಪತ್ತು. ಇಬ್ಬರನ್ನೂ ಎತ್ತಿಕೊಂಡು ಹೋಗಿ ಥಿಯೇಟರಲ್ಲಿ ಕೂರಿಸೋರು ಯಾರು? ನಾನಂತೂ ಅಲ್ಲ.”

ಕೋಣೆಗೆ ಬಂದು ಫೋನು ಮಾಡಿದೆ. “ಸಿನಿಮಾ ಇಲ್ಲ,” ಎಂದೆ. “ನಾನು ಬರಲಾ?”

“ಎಷ್ಟು ಗಂಟೆ ಬಸ್ಸು?” ಎಂದಳು ಕಾಗುಣಿತ.

ಏಪ್ರಿಲ್ 10, ಗುರುವಾರ

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

ಟಿಕೆಟ್ ಕೌಂಟರಿನಲ್ಲಿ ದೊಡ್ಡ ರಾದ್ಧಾಂತ. ಊರಿನ ಹೆಸರು ಹೇಳಿದರೆ ಒಳಗಿದ್ದವನು, “ಜೋರಾಗಿ ಹೇಳಿ ಯಜಮಾನ್ರೇ, ಕೇಳಿಸ್ತಿಲ್ಲ,” ಎಂದ. ಇನ್ನೊಮ್ಮೆ ಹೇಳಿದರೂ ಕೇಳಿಸಲಿಲ್ಲ. ಗಾಜು ದಪ್ಪವಿರಬೇಕು. ಕೊನೆಗೆ ಹಿಂದೆ ನಿಂತಿದ್ದ ಹೆಂಗಸು ನನ್ನ ಪರವಾಗಿ ಕೂಗಿ ಟಿಕೆಟ್ ಕೊಡಿಸಿದಳು.

ಪಕ್ಕದ ಸೀಟಿನವನು ಬಸ್ಸು ಹೊರಟಾಗಿನಿಂದ ತನ್ನ ಬಾವಿ ತೋಡಿಸಿದ ಕಥೆ ಹೇಳುತ್ತಿದ್ದಾನೆ. ಎಂಬತ್ತು ಅಡಿಗೆ ಬಂದಿದ್ದಾನೆ, ಇನ್ನೂ ನೀರು ಸಿಕ್ಕಿಲ್ಲ. ಚೆನ್ನಾಗಿ ಹೇಳುತ್ತಾನೆ.

ಅವಳು ನಿಲ್ದಾಣಕ್ಕೆ ಬರುತ್ತಾಳೆ. ನಿನ್ನೆ ಫೋನಿನಲ್ಲಿ, ನಲವತ್ತು ವರ್ಷವಾಯಿತು, ಗುರುತು ಹೇಗೆ ಹಿಡಿಯೋದು ಎಂದು ಕೇಳಿದ್ದೆ. “ನನಗೆ ದೂರದ್ದು ಕಾಣಲ್ಲ ರೀ. ನೀವು ಕೂಗಿ, ನಾನು ತಿರುಗ್ತೀನಿ,” ಎಂದಿದ್ದಳು.

ಕೂಗುವಂತಿಲ್ಲ. ಇಳಿದ ಮೇಲೆ ಒಂದೊಂದು ಮುಖವನ್ನೂ ನಿಂತು ನೋಡುತ್ತಾ ಹೋಗುತ್ತೇನೆ. ಹೊತ್ತು ಹಿಡಿಯಬಹುದು. ಯಾವ ಮುಖವನ್ನೂ ಬಿಡುವುದಿಲ್ಲ.